ಕೆಂಚನ ಕಣ್ಣಿನ ಅಂಚು

2023ರ ಸೆಪ್ಟೆಂಬರ್‌ನ ಒಂದು ಭಾನುವಾರ ಸಂಜೆ ತೋಟಕ್ಕೆ ಮಂಗ ಬಂದವು. ನಮ್ಮ ಕೆಂಚ ಎಂದಿನಂತೆ ಬೊಗಳುತ್ತ ಹಿಂದೆ ಬಿದ್ದ. ಮಂಗಗಳು ಅಡಿಕೆ ಮರದಿಂದ ಮರಕ್ಕೆ ಹಾರಿ ಪಕ್ಕದವರ ತೋಟ ಸೇರಿದವು. ಇವನು ಮುಳ್ಳುತಂತಿಯ ಅಡಿಯಿಂದ ನುಗ್ಗಿದ. ಒಂದು ಸಲ ಕುಂಯ್ ಅಂದದ್ದು ಕೇಳಿಸಿತು, ಅಷ್ಟೇ. ನಾನು ಮಿಷನ್ ನಿಲ್ಲಿಸಿ ಅಂಗಳಕ್ಕೆ ಬರುವಷ್ಟರಲ್ಲಿ ತಲೆ ಒಂದು ಪಕ್ಕಕ್ಕೆ ವಾಲಿಸಿಕೊಂಡು ಅವನೇ ಮನೆ ಕಡೆ ಬರುತ್ತಿದ್ದ. ಎಡಗಣ್ಣಿನ ಮೇಲಿನ ರೆಪ್ಪೆ ಹೊರಮೂಲೆಯ ಹತ್ತಿರ ಸೀಳಿಹೋಗಿ, ಹುಣಸೆಬೀಜದಷ್ಟು ಚರ್ಮ ಎವೆಕೂದಲಿನ ಸಮೇತ ಕೆಳಗೆ ಜೋತುಬಿದ್ದಿತ್ತು. ರಕ್ತ ಕೆನ್ನೆಯ ಮೇಲಿಂದ ಇಳಿದು ಎದೆಯ ಕೆಂಚು ಕೂದಲನ್ನೆಲ್ಲ ಅಂಟು ಮಾಡಿತ್ತು.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಿಂದ ಒಳಗಿರುವ ಊರು. ಇವರು ತೋಟ ನೋಡಿಕೊಳ್ಳುತ್ತಾರೆ, ನಾನು ಜಗಲಿಯ ಮೂಲೆಯಲ್ಲಿ ಮಿಷನ್ ಹಾಕಿಕೊಂಡು 22 ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಮುಂದೆ ಆದದ್ದನ್ನೆಲ್ಲ ನಾನು ಅರ್ಥ ಮಾಡಿಕೊಂಡದ್ದು ಹೊಲಿಗೆಯವಳ ಕಣ್ಣಿನಿಂದಲೇ.

ತೋಟದ ಕೆಲಸಕ್ಕೆ ಬಂದಿದ್ದವರು ಒಬ್ಬರು ಓಡಿಬಂದು ನೋಡಿ, "ಅಕ್ಕ, ನಿಮ್ ಕತ್ತರಿ ಕೊಡಿ ಇಲ್ಲಿ. ಆ ಜೋತಿರೋ ಚೂರು ತೆಗ್ದುಬಿಡ್ತೀನಿ. ಅರಿಶಿನ ಒತ್ತಿದ್ರೆ ನಾಕು ದಿನದಾಗೆ ಒಣಗ್ತದೆ" ಅಂದರು. ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ದನಕ್ಕೆ, ಕರುವಿಗೆ, ತಮ್ಮ ಕಾಲಿಗೂ ಅದನ್ನೇ ಮಾಡಿದವರು. ಅತ್ತೆ ಒಳಗಿಂದ ಕಾಫಿಪುಡಿ ಡಬ್ಬಿ ಹಿಡಿದುಕೊಂಡೇ ಬಂದಿದ್ದರು. ನನ್ನ ಕತ್ತರಿ ಮಿಷನ್ನಿನ ಮೇಲೆ ಕೈಗೆ ಸಿಗುವ ಹಾಗೇ ಇತ್ತು. ಕೊಡಲಿಲ್ಲ. ಆ ಚೂರು ಬೇಕಾದದ್ದು ಅಂತ ಗೊತ್ತಿದ್ದು ಕೊಡದೆ ಇದ್ದದ್ದಲ್ಲ. ಬಟ್ಟೆ ಕತ್ತರಿಸಿ ಬಲ್ಲವಳಿಗೆ ಒಂದು ಭಯ ಯಾವಾಗಲೂ ಇರುತ್ತದೆ, ಕತ್ತರಿಸಿದ್ದು ಮತ್ತೆ ಬರುವುದಿಲ್ಲ ಅಂತ. ಆ ಭಯ ಅವತ್ತು ನನ್ನ ನಾಯಿಯ ಕಣ್ಣು ಉಳಿಸಿತು.

ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ, ಹೊಸ ಮಲ್ ಬಟ್ಟೆ ಅದ್ದಿ, ಒರೆಸದೆ ಸುಮ್ಮನೆ ಕಣ್ಣಿನ ಮೇಲೆ ಹಿಂಡಿದೆ. ಕೊಳೆ, ತರಗೆಲೆ ಚೂರು ಎಲ್ಲ ಇಳಿದುಹೋಯಿತು. ಒದ್ದೆ ಬಟ್ಟೆಯನ್ನೇ ಒತ್ತಿ ಹಿಡಿದುಕೊಂಡು ಕೂತೆ. ಅಷ್ಟು ಮಾತ್ರ ಸರಿ ಮಾಡಿದೆ ಅಂತ ಆಮೇಲೆ ಡಾಕ್ಟ್ರು ಹೇಳಿದರು.

ಭಾನುವಾರ, ಅದೂ ಕತ್ತಲಾದ ಮೇಲೆ. ಇವರು ಎಲ್ಲೆಲ್ಲೋ ಫೋನ್ ಮಾಡಿ ಕೊನೆಗೆ ಒಬ್ಬರನ್ನು ಕರೆದುಕೊಂಡು ಬಂದರು. ಯಾರು ಅಂತ ಹೇಳುವುದು ಬೇಡ, ಆ ಹೊತ್ತಿನಲ್ಲಿ ಅಷ್ಟು ದೂರ ಬಂದದ್ದಕ್ಕೆ ಅವರ ಮೇಲೆ ನನಗೆ ಈಗಲೂ ಗೌರವ ಇದೆ. ಆದರೆ ಜಗಲಿಯ ಬಲ್ಬಿನ ಬೆಳಕಲ್ಲಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಇವರೂ ನನ್ನ ತಮ್ಮನೂ ಕೆಂಚನನ್ನು ಅದುಮಿ ಹಿಡಿದಿರುವಾಗ, ಹತ್ತೇ ನಿಮಿಷದಲ್ಲಿ ನಾಲ್ಕು ಹೊಲಿಗೆ ಹಾಕಿ ಮುಗಿಸಿದರು. ದಪ್ಪ ಕಪ್ಪು ದಾರ. ಚರ್ಮದ ಹೊರಗಿಂದ ಚುಚ್ಚಿ ಒಳಗಿನವರೆಗೂ ಒಂದೇ ಸಲ ತೂರಿಸಿ ಗಂಟು. ಕೊನೆಯ ಗಂಟು ರೆಪ್ಪೆಯ ತುದಿಯಲ್ಲೇ ಕೂತಿತ್ತು, ಕತ್ತರಿಸಿದ ದಾರದ ಎರಡು ಮೋಟು ಕೆಳಮುಖವಾಗಿ ನಿಂತಿದ್ದವು. ಇನ್ನೊಂದೂ ಕಂಡಿತು. ಸೀಳಿನ ಒಂದು ಬದಿಯ ಅಂಚು ಇನ್ನೊಂದು ಬದಿಗಿಂತ ಅಕ್ಕಿಕಾಳಿನಷ್ಟು ಮೇಲಿತ್ತು. ಸೀರೆ ಬಾರ್ಡರಿನ ತೋಳು ಹೊಲಿಯುವಾಗ ಬಾರ್ಡರ್‌ಗೆ ಬಾರ್ಡರ್ ಕೂಡದೆ ಇದ್ದರೆ ನಾನು ಬಿಚ್ಚಿ ಮತ್ತೆ ಹೊಲಿಯುತ್ತೇನೆ. ಅವತ್ತು ಬಾಯಿ ಬಿಡಲಿಲ್ಲ. ಕಣ್ಣಿನ ವಿಷಯ, ಓದಿದವರಿಗೆ ಗೊತ್ತಿರುತ್ತದೆ ಅಂದುಕೊಂಡೆ.

ಸೋಮವಾರ ರೆಪ್ಪೆ ಊದಿತ್ತು, ಅದು ಇದ್ದದ್ದೇ ಅಂದುಕೊಂಡೆವು. ಮಂಗಳವಾರ ಕಣ್ಣು ಬಿಡಲೇ ಇಲ್ಲ. ನೀರು ಸುರಿಯುತ್ತಿತ್ತು, ಹಳದಿ ಗೀಜು ಕಟ್ಟುತ್ತಿತ್ತು, ಬಾಗಿಲ ಚಾಪೆಗೆ ಮುಖ ಉಜ್ಜುತ್ತಿದ್ದ. ಕತ್ತಿಗೆ ಹಾಕುವ ಕಾಲರ್ ಒಂದು ಇರುತ್ತದೆ, ಹಾಕಿದರೆ ಉಜ್ಜಲು ಆಗುವುದಿಲ್ಲ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಆಗ ನಾನು ಮಾಡಿದ ತಪ್ಪನ್ನು ಹೇಳಲೇಬೇಕು, ಇದನ್ನು ಬರೆಯಲು ಕೂತದ್ದೇ ಹೆಚ್ಚಾಗಿ ಅದಕ್ಕೆ. ಹಿಂದಿನ ವರ್ಷ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಆಗ ಕೊಟ್ಟಿದ್ದ ಹನಿ ಔಷಧಿಯ ಇನ್ನೊಂದು ಒಡೆಯದ ಬಾಟಲಿ ದೇವರ ಗೂಡಿನ ಪಕ್ಕದಲ್ಲಿತ್ತು. ಕಣ್ಣಿಗೆ ಅಂತಲೇ ಕೊಟ್ಟದ್ದು, ಆಪರೇಷನ್ ಆದ ಮೇಲೆ ಹಾಕುವಂಥದ್ದು, ಮನುಷ್ಯರಿಗೇ ಆಗುವಾಗ ನಾಯಿಗೆ ಏನಾಗುತ್ತದೆ ಅಂತ ದಿನಕ್ಕೆ ಮೂರು ಸಲ ಹಾಕಿದೆ. ಬುಧವಾರ ಕೆಂಪು ಇಳಿಯಿತು. ಗುರುವಾರ ಇನ್ನೂ ಇಳಿಯಿತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಶುಕ್ರವಾರ ಬೆಳಿಗ್ಗೆ ಬಿಸಿಲಿಗೆ ಮುಖ ಎತ್ತಿಸಿ ನೋಡಿದರೆ ಕಣ್ಣಿನ ಕಪ್ಪಿನ ಮೇಲೆ ಹಾಲು ಬೆರೆತ ನೀರಿನ ಹಾಗೆ ಒಂದು ಮಂಜು ಕಟ್ಟಿತ್ತು.

ತಮ್ಮನ ಓಮ್ನಿಯಲ್ಲಿ ಶಿವಮೊಗ್ಗಕ್ಕೆ ಹೊರಟೆವು. ತೀರ್ಥಹಳ್ಳಿಯಿಂದ 60 ಕಿಲೋಮೀಟರಿನಷ್ಟು ದಾರಿ, ತುಂಗೆ ಪಕ್ಕದಲ್ಲೇ ಬರುತ್ತಾಳೆ. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ತುಂಬ ಬೆಳ್ಳಕ್ಕಿ ಕೂತಿದ್ದವು. ಬೇರೆ ದಿನವಾಗಿದ್ದರೆ ಕೆಂಚ ಕಿಟಕಿಗೆ ಮೂತಿ ಇಟ್ಟು ಅವನ್ನು ನೋಡಿ ಕುಣಿಯುತ್ತಿದ್ದ. ಅವತ್ತು ನನ್ನ ತೊಡೆಯ ಸಂದಿಯಲ್ಲಿ ಕಣ್ಣು ಹುದುಗಿಸಿಕೊಂಡು ಮಲಗಿದವನು ಸಕ್ರೆಬೈಲು ದಾಟಿದರೂ ಎದ್ದಿರಲಿಲ್ಲ. ಬೆಳಕು ಚುಚ್ಚುತ್ತಿತ್ತು ಅವನಿಗೆ.

ವೆಟರ್ನರಿ ಕಾಲೇಜಿನ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಕೂತೆವು. ನೋಡಿದವರು ಒಬ್ಬರು ಮೇಡಂ, ಸುತ್ತ ಓದುವ ಹುಡುಗ ಹುಡುಗಿಯರು. ಅವರು ಮೊದಲು ಕಣ್ಣು ಮುಟ್ಟಲೇ ಇಲ್ಲ. ಮೊದಲ ಪ್ರಶ್ನೆ, "ಹುಚ್ಚುನಾಯಿ ಲಸಿಕೆ ಆಗಿದೆಯಾ? ಇದು ತಂತಿಯಿಂದಲೇ ಆದದ್ದಾ, ಯಾವುದಾದರೂ ಪ್ರಾಣಿ ಕಚ್ಚಿದ್ದಾ?" ಲಸಿಕೆಯ ಪುಸ್ತಕ ತೋರಿಸಿದೆ. ಎರಡನೆಯದು, "ಮನೆಯಲ್ಲಿ ಏನೇನು ಹಾಕಿದ್ದೀರಿ?" ಚೀಲದಿಂದ ಅತ್ತೆಯ ಬಾಟಲಿ ತೆಗೆದು ಕೊಟ್ಟೆ. ಅವರು ಲೇಬಲ್ ಓದಿ, ಬೈಯಲಿಲ್ಲ, ವಿದ್ಯಾರ್ಥಿಗಳ ಕಡೆ ತಿರುಗಿಸಿ ತೋರಿಸಿದರು. ಆಮೇಲೆ ನನಗೆ ಹೇಳಿದರು:

"ಅಮ್ಮ, ಇದರಲ್ಲಿ ಸ್ಟೆರಾಯ್ಡ್ ಇದೆ. ಕೆಂಪು ಇಳಿಸುತ್ತೆ, ಆದ್ದರಿಂದ ವಾಸಿಯಾಗ್ತಿದೆ ಅನ್ನಿಸುತ್ತೆ. ಕಣ್ಣಿನ ಗಾಜಿನಂಥ ಪದರಕ್ಕೆ ಗಾಯ ಆಗಿದ್ರೆ ಅದು ಕೂಡಿಕೊಳ್ಳೋದನ್ನ ಇದು ತಡೀತದೆ. ಹುಣ್ಣು ಆಳಕ್ಕಿಳಿದು ಕಣ್ಣೇ ತೂತಾಗಬಹುದು. ಹುಣ್ಣಿಲ್ಲ ಅಂತ ನೋಡಿಕೊಳ್ಳದೆ ಇದನ್ನ ಯಾವ ಕಣ್ಣಿಗೂ ಹಾಕಬಾರದು."

ಹುಣ್ಣು ಇದೆಯೋ ಇಲ್ಲವೋ ನೋಡುವುದು ಹೇಗೆ ಅಂತ ಕಣ್ಣೆದುರೇ ತೋರಿಸಿದರು. ಮರಗಟ್ಟಿಸುವ ಹನಿ ಹಾಕಿದ ಮೇಲೆ ಒಂದು ಕಿತ್ತಳೆ ಬಣ್ಣದ ಕಾಗದದ ಪಟ್ಟಿ, ಫ್ಲೋರೆಸೀನ್ ಅಂತೆ, ಅದರ ತುದಿ ಒದ್ದೆ ಮಾಡಿ ಕಣ್ಣಿನ ಬಿಳಿಗೆ ಮುಟ್ಟಿಸಿದರು. ಸಲೈನಿನಲ್ಲಿ ತೊಳೆದು, ಕೋಣೆ ಕತ್ತಲೆ ಮಾಡಿ ನೀಲಿ ಬೆಳಕು ಬಿಟ್ಟರು. ಕಣ್ಣಿನ ನಡುವಿನಿಂದ ಸ್ವಲ್ಪ ಹೊರಗೆ, ಎಳೆ ಹಸಿರು ಬಣ್ಣದ ಒಂದು ಗೀರು ಹೊಳೆಯಿತು. ನೇರ, ಮೇಲಿಂದ ಕೆಳಕ್ಕೆ. ಮೇಲಿನ ಪದರ ಕಿತ್ತುಹೋದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ, ಪದರ ಸರಿಯಿದ್ದರೆ ತೊಳೆದು ಹೋಗುತ್ತದೆ. ಆ ಗೀರು ಹೇಗೆ ಬಂತು ಅಂತ ಯಾರೂ ಹೇಳಬೇಕಾಗಿರಲಿಲ್ಲ. ರೆಪ್ಪೆಯ ತುದಿಯಲ್ಲಿ ನಿಂತಿದ್ದ ದಾರದ ಮೋಟು ಸರಿಯಾಗಿ ಅದರ ಮೇಲಿತ್ತು. ಐದು ದಿನ, ಕಣ್ಣು ಮಿಟುಕಿಸಿದಾಗಲೆಲ್ಲ ಅದು ಗೀರಿದೆ. ನಾವು ಕಣ್ಣು ಮಿಟುಕಿಸುವುದನ್ನು ಯಾರು ಲೆಕ್ಕ ಇಡುತ್ತಾರೆ? ಆ ರಾತ್ರಿ ನಾನು ಮಲಗಿದಲ್ಲೇ ಲೆಕ್ಕ ಇಟ್ಟೆ.

ಹೊಲಿಗೆ ನಾಲ್ಕನ್ನೂ ಅಲ್ಲೇ ತೆಗೆದರು. ಗಾಯ ಮತ್ತೆ ಬಾಯಿ ಬಿಟ್ಟಿತು. ಇವತ್ತೇ ಮತ್ತೆ ಹೊಲಿಯಬಹುದಲ್ಲ ಅಂತ ಇವರು ಕೇಳಿದ್ದಕ್ಕೆ ಮೇಡಂ ಕೆಂಚನ ಕಿವಿಯ ಒಳಮಡಿಕೆ ತಿರುಗಿಸಿ ತೋರಿಸಿದರು. ಉಣುಗು. ಮೂರು ದಪ್ಪನೆಯವು, ಸಣ್ಣವು ಎಷ್ಟೋ. ಉಣುಗು ಅಂದರೆ ನಮ್ಮ ಕಡೆಯವರ ಜೀವ ಹಾರುತ್ತದೆ. ಮಂಗನ ಕಾಯಿಲೆ ಮೊದಲು ಕಂಡದ್ದೇ ನಮ್ಮ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಅದನ್ನು ಹರಡುವ ಕಾಡಿನ ಉಣುಗು ಬೇರೆ, ನಾಯಿ ಮೈಮೇಲೆ ಮನೆಮಾಡುವ ಈ ಕಂದು ಉಣುಗು ಬೇರೆ ಅಂತ ಹೇಳಿ ಸಮಾಧಾನ ಮಾಡಿದರು. ಆದರೆ ಇದರದ್ದೂ ಒಂದು ಕಾಯಿಲೆ ಇದೆ. ಎರ್ಲಿಕಿಯಾ ಅಂತ, ನಾಯಿಯ ರಕ್ತದಲ್ಲಿ ಸೇರಿ ಪ್ಲೇಟ್‌ಲೆಟ್ ಇಳಿಸುತ್ತದೆ. ಪ್ಲೇಟ್‌ಲೆಟ್ ಇಲ್ಲದಿದ್ದರೆ ಕತ್ತಿ ತಾಗಿದ ಕಡೆ ರಕ್ತ ನಿಲ್ಲುವುದಿಲ್ಲ. ಕಣ್ಣುರೆಪ್ಪೆಯಂತೂ ರಕ್ತ ತುಂಬಿದ ಜಾಗ.

ರಕ್ತ ತೆಗೆದು ನೋಡಿದರು. 72 ಸಾವಿರ. ನಾಯಿಗೆ ಎರಡು ಲಕ್ಷದ ಮೇಲಿರಬೇಕಂತೆ. "ಈಗ ಬೇಡ" ಅಂದರು. ನನಗೆ ಗಾಬರಿ, ಗಾಯ ತೆರೆದಿಟ್ಟುಕೊಂಡು ಹೇಗೆ ಅಂತ. ಅವರು ವಿವರಿಸಿದ್ದು ಹೀಗೆ: ರೆಪ್ಪೆಗೆ ರಕ್ತನಾಳ ಹೆಚ್ಚು, ಆದ್ದರಿಂದ ಅಲ್ಲಿಯ ಗಾಯ ಬೇಗ ಕೊಳೆಯುವುದಿಲ್ಲ, ಬೇಗ ಸಾಯುವುದಿಲ್ಲ. ಕಾಲಿನ ಚರ್ಮವಾಗಿದ್ದರೆ ಇಷ್ಟು ದಿನ ಜೋತುಬಿದ್ದ ಚೂರು ಕಪ್ಪಾಗಿರುತ್ತಿತ್ತು, ಇಲ್ಲಿ ನೋಡಿ ಇನ್ನೂ ತಿಳಿಗೆಂಪಾಗಿದೆ. ನಾಲ್ಕೈದು ದಿನದಲ್ಲಿ ಸೋಂಕು ಇಳಿಯಲಿ, ಕಣ್ಣಿನ ಹುಣ್ಣು ಮುಚ್ಚಲಿ, ಪ್ಲೇಟ್‌ಲೆಟ್ ಏರಲಿ, ಆಮೇಲೆ ಒಂದೇ ಸಲ ಸರಿಯಾಗಿ ಮಾಡೋಣ. ಆಂಟಿಬಯಾಟಿಕ್ ಹನಿ ನಾಲ್ಕು ಗಂಟೆಗೊಮ್ಮೆ, ಒಳನೋವಿಗೆ ಅಟ್ರೋಪಿನ್ ಮುಲಾಮು, ಕಣ್ಣು ಒಣಗದ ಹಾಗೆ ಜೆಲ್. ಉಣುಗಿನ ಕಾಯಿಲೆಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಬೆಳಿಗ್ಗೆ ಒಂದು, ರಾತ್ರಿ ಒಂದು, 28 ದಿನ. ಕೆಂಚ 18 ಕೆ.ಜಿ. ಇದ್ದ, ಆ ತೂಕದ ಲೆಕ್ಕ ಅದು. ಹೊಟ್ಟೆ ತುಂಬಿದ ಮೇಲೇ ಕೊಡಬೇಕು ಅಂದರು, ನಾನು ಕಡುಬಿನ ಒಳಗೆ ಹುದುಗಿಸಿ ಕೊಟ್ಟೆ. ನೋವಿಗೆ ಅಂತ ಮನೆಯಲ್ಲಿರುವ ಮನುಷ್ಯರ ಮಾತ್ರೆ ಯಾವುದನ್ನೂ ಕೊಡಬಾರದು ಅಂತ ಎರಡು ಸಲ ಹೇಳಿದರು. ಬೆಕ್ಕಿಗಾದರೆ ಒಂದು ಪ್ಯಾರಾಸಿಟಮಾಲ್ ಮಾತ್ರೆ ಪ್ರಾಣವನ್ನೇ ತೆಗೆಯಬಹುದಂತೆ.

ಪ್ಲಾಸ್ಟಿಕ್ಕಿನ ಕೋನ್ ಕಾಲರ್ ಪೇಟೆಯಲ್ಲಿ ತಂದು ಹಾಕಿದೆವು. ಮನೆಗೆ ಬಂದ ಮಾರನೆ ದಿನವೇ ಕೊಟ್ಟಿಗೆ ಕಂಬಕ್ಕೆ ಹೊಡೆದು ಸೀಳಿತು. ಮತ್ತೆ ಅಷ್ಟು ದೂರ ಹೋಗುವುದೇ? ಅಂಗಳದಲ್ಲಿ ಬಿದ್ದಿದ್ದ ಅಡಿಕೆ ಹಾಳೆ ನೋಡಿದೆ. ದೊಡ್ಡದೊಂದು ಹಾಳೆಯನ್ನು ರಾತ್ರಿ ನೀರಲ್ಲಿ ನೆನೆಸಿಟ್ಟು, ಬೆಳಿಗ್ಗೆ ಮೆತ್ತಗಾದಾಗ ಕೆಂಚನ ಕತ್ತಿನ ಸುತ್ತಳತೆ, ಕತ್ತಿನಿಂದ ಮೂತಿಯ ತುದಿವರೆಗಿನ ಅಳತೆ ತೆಗೆದುಕೊಂಡು, ಮೂತಿಗಿಂತ ಎರಡು ಬೆರಳು ಮುಂದೆ ಬರುವ ಹಾಗೆ ಕತ್ತರಿಸಿದೆ. ಅಂಬ್ರೆಲಾ ಲಂಗಕ್ಕೆ ಬಟ್ಟೆ ಕತ್ತರಿಸಿದ ಹಾಗೇ ಅದು, ಅರ್ಧವೃತ್ತದ ಕಟಿಂಗ್. ಸುತ್ತಿ ಕಟ್ಟಿ ಬಿಸಿಲಿಗಿಟ್ಟರೆ ಅದೇ ಆಕಾರಕ್ಕೆ ಒಣಗಿತು. ಕತ್ತಿಗೆ ತಾಗುವ ಕಡೆ ಒಳಗೆ ಹತ್ತಿ ತುಂಬಿ ಪೈಪಿಂಗ್ ಕೊಟ್ಟೆ, ಹೊರ ಅಂಚಿಗೆ ಗೋಟು. ಕಟ್ಟಲು ನಾಡಾ. ಹಾಳೆಗೆ ಕಂಬ ತಾಗಿದರೆ ಬಗ್ಗುತ್ತದೆ, ಸೀಳುವುದಿಲ್ಲ. ಶಬ್ದವೂ ಇಲ್ಲ, ಕೆಂಚನಿಗೆ ಪ್ಲಾಸ್ಟಿಕ್ಕಿನ ಸದ್ದಿಗೇ ಹೆದರಿಕೆ ಇತ್ತು. ಎರಡು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿಯುತ್ತಿದ್ದೆ. ಮೇಡಂ ಅದನ್ನು ನೋಡಿ ಹುಡುಗರಿಂದ ಫೋಟೋ ತೆಗೆಸಿಕೊಂಡರು.

ಬುಧವಾರ ಮತ್ತೆ ಹೋದೆವು. ರಾತ್ರಿ ಹತ್ತರಿಂದ ಊಟ ಇಲ್ಲ, ಬೆಳಿಗ್ಗೆ ನೀರೂ ಇಲ್ಲ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಅಪಾಯ ಅಂತ. ಹಸಿರು ಗೀರು ಹೆಚ್ಚೂಕಡಿಮೆ ಮಾಯವಾಗಿತ್ತು, ಸಾಸಿವೆಯಷ್ಟು ಉಳಿದಿತ್ತು. ಪ್ಲೇಟ್‌ಲೆಟ್ ಒಂದು ಲಕ್ಷ 45 ಸಾವಿರ. "ಮಾಡೋಣ" ಅಂದರು.

ಕಾಯುವಾಗ ನಮ್ಮ ಪಕ್ಕದಲ್ಲಿ ಒಬ್ಬ ತಾಯಿ, ಮಗಳು ಬುಟ್ಟಿಯಲ್ಲಿ ಬೆಕ್ಕಿನ ಮರಿ ತಂದಿದ್ದರು. ಮೂರ್ನಾಲ್ಕು ತಿಂಗಳ ಬೂದು ಬಣ್ಣದ ಮರಿ. ಅದಕ್ಕೆ ಹುಟ್ಟಿನಿಂದಲೇ ಎರಡೂ ಮೇಲುರೆಪ್ಪೆಯ ಹೊರಗಿನ ಅರ್ಧ ಇಲ್ಲ! ಗಾಯವಲ್ಲ, ಬೆಳೆದೇ ಇಲ್ಲ. ಹಣೆಯ ಕೂದಲು ನೇರ ಕಣ್ಣಿನ ಮೇಲೆ ಬಿದ್ದು ಉಜ್ಜುತ್ತಿತ್ತು, ಮರಿ ಸದಾ ಕಣ್ಣು ಕಿರಿದು ಮಾಡಿಕೊಂಡೇ ಇತ್ತು. ಬೆಕ್ಕುಗಳಲ್ಲಿ ಹೀಗೆ ಹುಟ್ಟುವುದುಂಟಂತೆ. ಹಾಗಾದರೆ ರೆಪ್ಪೆ ಎಲ್ಲಿಂದ ತರುತ್ತೀರಿ ಅಂತ ನಾನು ಕೇಳಿದೆ. ಅಲ್ಲಿದ್ದ ವಿದ್ಯಾರ್ಥಿನಿ ಹೇಳಿದ್ದು ಕೇಳಿ ಮೈ ಜುಮ್ಮೆಂದಿತು. ಬಾಯಿಯ ಮೂಲೆಯಿಂದ ತುಟಿಯ ಒಂದು ಪಟ್ಟಿಯನ್ನು, ಬುಡ ಕಡಿಯದೆ, ಮೇಲಕ್ಕೆ ತಿರುಗಿಸಿ ಕಣ್ಣಿಗೆ ಹೊಲಿಯುತ್ತಾರಂತೆ. ಬೇರೆ ಕಡೆಯ ಚರ್ಮ ಹಾಕಿದರೆ ಅದರ ಕೂದಲು ಕಣ್ಣಿಗೆ ಚುಚ್ಚುತ್ತದೆ. ಹೊರಗೆ ಚರ್ಮ, ಒಳಗೆ ತೇವದ ಪೊರೆ, ನಡುವೆ ಕೂದಲಿಲ್ಲದ ನಯವಾದ ಅಂಚು, ಹೀಗೆ ಕಣ್ಣುರೆಪ್ಪೆಯ ಹಾಗಿರುವುದು ತುಟಿ. ಕಣ್ಣಂಚಿಗೆ ತುಟಿಯಂಚು. ಕೆಂಚನ ಜೋತುಬಿದ್ದ ಚೂರು ನನ್ನ ಕತ್ತರಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ಆಗ ಪೂರ್ತಿ ಗೊತ್ತಾಯಿತು. ರೆಪ್ಪೆಯ ಉದ್ದದಲ್ಲಿ ನಾಲ್ಕನೇ ಒಂದು ಪಾಲು, ಹೆಚ್ಚೆಂದರೆ ಮೂರನೇ ಒಂದು ಪಾಲು ಹೋದರೆ ಎರಡು ಬದಿ ಎಳೆದು ಕೂಡಿಸಬಹುದು. ಅದಕ್ಕಿಂತ ಹೆಚ್ಚು ಹೋದರೆ ಹೀಗೆ ಎರವಲು ತರಬೇಕು.

ನನ್ನನ್ನು ಒಳಗೆ ಬಿಡುತ್ತಾರೆ ಅಂದುಕೊಂಡಿರಲಿಲ್ಲ. ಹೊಲಿಗೆಯವಳು, ದೂರ ನಿಂತು ನೋಡುತ್ತೇನೆ ಅಂದಾಗ ಮೇಡಂ ಒಂದು ಕ್ಷಣ ಯೋಚಿಸಿ, "ತಲೆ ಸುತ್ತಿದ್ರೆ ತಕ್ಷಣ ಹೇಳಿ" ಅಂತ ಟೋಪಿ, ಮಾಸ್ಕ್ ಕೊಡಿಸಿದರು. ತಲೆ ಸುತ್ತಲಿಲ್ಲ. ಕೆಂಚನ ಮುಂಗಾಲಿನ ನಾಳಕ್ಕೆ ಔಷಧಿ ಹೋದಾಗ ಅವನು ನನ್ನನ್ನೇ ನೋಡುತ್ತಿದ್ದ. ಬಾಲದ ತುದಿ ಎರಡು ಸಲ ಅಲ್ಲಾಡಿ ನಿಂತಿತು. ಆಗ ಮಾತ್ರ ಗೋಡೆ ಹಿಡಿದುಕೊಂಡೆ.

ತಯಾರಿಯೇ ಅರ್ಧ ಕೆಲಸ. ಸಣ್ಣ ಕತ್ತರಿಯ ಅಲಗಿಗೆ ಜೆಲ್ ಹಚ್ಚಿ ಕೂದಲು ಕತ್ತರಿಸಿದರು, ಕೂದಲು ಅಲಗಿಗೇ ಅಂಟಿಕೊಂಡು ಕಣ್ಣಿಗೆ ಬೀಳದಿರಲಿ ಅಂತ. ತೊಳೆದದ್ದು ಪೊವಿಡೋನ್ ಅಯೋಡಿನ್ನಿನಲ್ಲಿ, ಆದರೆ ಒಂದು ಪಾಲಿಗೆ 50 ಪಾಲು ಸಲೈನ್ ಬೆರೆಸಿ, ತೆಳ್ಳನೆ ಚಹಾದ ಬಣ್ಣ ಬರುವಷ್ಟು. ಬಾಟಲಿಯಲ್ಲಿದ್ದ ಹಾಗೇ ಹಾಕಿದರೆ ಕಣ್ಣು ಸುಡುತ್ತದೆ. ಸ್ಪಿರಿಟ್, ನೊರೆ ಬರುವ ದ್ರಾವಣ ಕಣ್ಣಿನ ಹತ್ತಿರ ತರುವಂತೆಯೇ ಇಲ್ಲ. ಅರಿವಳಿಕೆಯಲ್ಲಿ ಕಣ್ಣು ಮಿಟುಕುವುದಿಲ್ಲವಾದ್ದರಿಂದ ಆಚೆ ಕಣ್ಣಿಗೂ ಮುಲಾಮು ತುಂಬಿದರು. ಮೇಡಂ ಕಣ್ಣಿಗೆ ಭೂತಗನ್ನಡಿ ಇರುವ ಕನ್ನಡಕ ಕಟ್ಟಿಕೊಂಡರು.

ಹತ್ತು ದಿನದ ಹಳೆ ಗಾಯದ ಎರಡೂ ಬದಿಗೆ ತೆಳುವಾದ ಹೊಸ ಪೊರೆ ಬಂದಿತ್ತು. ಪೊರೆಗೆ ಪೊರೆ ಕೂಡುವುದಿಲ್ಲ, ಹಸಿ ಮಾಂಸಕ್ಕೆ ಹಸಿ ಮಾಂಸ ಕೂಡುತ್ತದೆ. ಬ್ಲೇಡಿನ ತುದಿಯಲ್ಲಿ ಅದನ್ನು ಕೆರೆದರು, ಕತ್ತರಿಸಲಿಲ್ಲ. ಕೆರೆದದ್ದು ಎಷ್ಟು ಅಂದರೆ ಹತ್ತಿಯ ಮೇಲೆ ಕಾಣಿಸುವಷ್ಟೂ ಇಲ್ಲ. ನಾನು ಮಾರ್ಜಿನ್ ಬಿಡದೆ ತಂದ ಬಟ್ಟೆಯಲ್ಲಿ ರವಿಕೆ ಹೊಲಿಯುವಾಗ ಒಂದೊಂದು ನೂಲನ್ನೂ ಹೀಗೇ ಉಳಿಸುತ್ತೇನೆ.

ಮೊದಲು ಒಳಗಿನ ಪದರ. 6-0 ದಾರ, ಕರಗುವಂಥದ್ದು. ಸೊನ್ನೆಯ ಹಿಂದಿನ ಅಂಕಿ ಹೆಚ್ಚಾದಷ್ಟೂ ದಾರ ಸಣ್ಣ. 6-0 ಅಂದರೆ ನನ್ನ ತಲೆಕೂದಲಿನ ಹಾಗಿತ್ತು. ಸೂಜಿ ಮಾಂಸದ ನಡುವೆಯೇ ಹೋಗಿ ನಡುವೆಯೇ ಬರುತ್ತಿತ್ತು, ಕಣ್ಣಿಗೆ ತಾಗುವ ಒಳಪೊರೆಯನ್ನು ಒಂದು ಸಲವೂ ತೂರಲಿಲ್ಲ. ಗಂಟು ಕಣ್ಣಿನ ಕಡೆ ಬರದೆ ಪದರದೊಳಗೇ ಹೂತುಹೋಗುತ್ತಿತ್ತು. "ಮೊದಲ ಸಲ ಲೈನಿಂಗ್ ಸೇರಿಸದೆ ಹೊಲಿದ ಹಾಗಾಗಿತ್ತಲ್ಲ ಮೇಡಂ" ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಅವರು ತಲೆ ಎತ್ತದೆ, "ಹೌದು. ಒಳಗಿನದು ಹಿಡೀದೆ ಇದ್ರೆ ಹೊರಗೆ ಎಷ್ಟು ಬಿಗಿ ಮಾಡಿದ್ರೂ ಅಂಚು ಜಾರುತ್ತೆ" ಅಂದರು.

ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಹೊಲಿಗೆ. ಹೊರಚರ್ಮದಲ್ಲಿ ಮೊದಲನೆಯದನ್ನು ಅವರು ಗಾಯದ ನಡುವಿಗೆ ಹಾಕಲಿಲ್ಲ, ಮೇಲಿನ ತುದಿಗೂ ಅಲ್ಲ, ನೇರ ರೆಪ್ಪೆಯ ಅಂಚಿಗೆ. ವಿದ್ಯಾರ್ಥಿಗಳನ್ನು ಬಗ್ಗಿಸಿ ತೋರಿಸಿದರು, ನಾನೂ ಬಗ್ಗಿದೆ. ಅಂಚಿನ ಉದ್ದಕ್ಕೂ ಬೂದು ಬಣ್ಣದ ಸಣ್ಣ ಸಣ್ಣ ಚುಕ್ಕಿಗಳ ಸಾಲು. ಮೈಬೋಮಿಯನ್ ಗ್ರಂಥಿಗಳ ಬಾಯಿ ಅವು, ಒಂದೊಂದು ರೆಪ್ಪೆಯಲ್ಲಿ 20ರಿಂದ 40 ಇರುತ್ತವೆ. ಅವು ಬಿಡುವ ಎಣ್ಣೆಯ ಪದರವೇ ಕಣ್ಣೀರು ಆರಿಹೋಗದ ಹಾಗೆ ಕಾಯುವುದು. ಈ ಬದಿಯ ಚುಕ್ಕಿಸಾಲು ಆ ಬದಿಯ ಚುಕ್ಕಿಸಾಲಿಗೆ ನೇರ ಬಂದರೆ ಅಂಚು ಕೂಡಿತು ಅಂತ ಲೆಕ್ಕ. ನಮ್ಮ ಹೊಲಿಗೆಯಲ್ಲಿ ಬಾರ್ಡರಿನ ಜರಿಗೆರೆ ಹೊಂದಿಸಿ ಗುಂಡುಪಿನ್ನು ಹಾಕಿಕೊಂಡು ಆಮೇಲೆ ಮಿಕ್ಕಿದ್ದನ್ನು ಹೊಲಿಯುವುದು ಇದಕ್ಕೇ. 5-0 ರೇಷ್ಮೆ ದಾರ. ಚರ್ಮದಲ್ಲಿ ಇಳಿದು, ಅಂಚಿನ ಚುಕ್ಕಿಯ ಹತ್ತಿರ ಹೊರಬಂದು, ಆಚೆ ಬದಿಯ ಅಂಚಿನ ಚುಕ್ಕಿಯ ಹತ್ತಿರ ಒಳಹೋಗಿ, ಚರ್ಮದಲ್ಲಿ ಮೇಲೆ ಬಂತು. ಎಳೆದಾಗ ಇಂಗ್ಲಿಷಿನ ಎಂಟರ ಅಂಕಿಯ ಹಾಗೆ ಅಡ್ಡಹಾಯ್ದು, ಎರಡು ಅಂಚೂ ಒಂದಕ್ಕೊಂದು ಎದುರಾಗಿ ನಿಂತವು. ಗಂಟು ಅಂಚಿನಿಂದ ದೂರ, ಮೇಲೆ ಚರ್ಮದ ಮೇಲೆ ಕೂತಿತು.

ಅದು ಸಾಲದು ಅಂತ ಆ ಗಂಟಿನ ದಾರದ ತುದಿಗಳನ್ನು ಉದ್ದ ಬಿಟ್ಟು, ಮುಂದಿನ ಹೊಲಿಗೆಯ ಗಂಟಿನಡಿ ಸೇರಿಸಿ ಕಟ್ಟಿದರು. ಇನ್ನು ಆ ತುದಿ ಕೆಳಗೆ ಬಗ್ಗಿ ಕಣ್ಣಿಗೆ ಚುಚ್ಚುವ ಪ್ರಶ್ನೆಯೇ ಇಲ್ಲ. ಇಷ್ಟು ಸಣ್ಣ ಕೆಲಸ. ಇದಾಗದೇ ಹೋದದ್ದಕ್ಕೆ ಅಲ್ಲವೇ ಐದು ದಿನ ಗೀರಿಕೊಂಡದ್ದು. ನನಗೆ ಅಲ್ಲಿ ಕಣ್ಣೀರು ಬಂತು, ಮಾಸ್ಕ್ ಒಳಗೆ ಇಳಿಯಿತು.

ಒಟ್ಟು ಆರು ಹೊರಹೊಲಿಗೆ. 40 ನಿಮಿಷ ಹಿಡಿಯಿತು. ಮೇಡಂ ಕೊನೆಗೆ ಒಂದು ಒದ್ದೆ ಹತ್ತಿಕಡ್ಡಿಯನ್ನು ರೆಪ್ಪೆಯ ಅಂಚಿನ ಮೇಲೆ ಈ ತುದಿಯಿಂದ ಆ ತುದಿಗೆ ಓಡಿಸಿದರು. ಎಲ್ಲಿಯೂ ಎಡವಲಿಲ್ಲ.

ಮನೆಯಲ್ಲಿ ಮೊದಲೆರಡು ದಿನ ತಣ್ಣೀರು ಬಟ್ಟೆ, ಆಮೇಲೆ ಬೆಚ್ಚಗಿನದು, ಐದೈದು ನಿಮಿಷ. ಹನಿ ಹಾಕುವಾಗ ಬಾಟಲಿಯ ಮೂತಿಯನ್ನು ಅವನ ಎದುರಿನಿಂದ ತರದೆ ತಲೆಯ ಹಿಂದಿನಿಂದ ತರಬೇಕು ಅನ್ನುವುದು ಕಲಿತೆ, ಕಾಣದೆ ಇದ್ದರೆ ಹೆದರುವುದಿಲ್ಲ. ರಾತ್ರಿ ಎರಡು ಗಂಟೆಯ ಹನಿಗೆ ಅತ್ತೆಯೇ ಏಳುತ್ತಿದ್ದರು. ಕಾಫಿಪುಡಿ ಹಿಡಿದು ಬಂದಿದ್ದವರು, ತಮ್ಮ ಬಾಟಲಿಯಿಂದ ಹೀಗಾಯಿತಲ್ಲ ಅಂತ ನೊಂದುಕೊಂಡಿದ್ದರು. ಹಾಕಿದವಳು ನಾನು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಬ್ಯಾಟರಿ ಹಿಡಿದುಕೊಂಡು, "ಬಾರೋ ಮಗಾ, ಕಣ್ಣು ಬಿಡು" ಅಂತ ಕರೆದರೆ ಕೆಂಚ ಹಾಳೆ ಕೊರಳನ್ನು ಅವರ ಮಡಿಲಿಗಿಟ್ಟು ಕಣ್ಣು ಬಿಡುತ್ತಿದ್ದ.

ಆರನೇ ದಿನ ಒಂದು ಹೆದರಿಕೆ ಆಯಿತು. ಕಣ್ಣಿನ ಒಳಮೂಲೆಯಿಂದ ಗುಲಾಬಿ ಬಣ್ಣದ ಪೊರೆಯೊಂದು ಅರ್ಧ ಕಣ್ಣಿನವರೆಗೆ ಬಂದು ಕೂತಿತ್ತು. ಏನೋ ಬೆಳೆಯುತ್ತಿದೆ ಅಂದುಕೊಂಡು ಫೋಟೋ ಕಳಿಸಿದೆ. ಅದು ಮೂರನೇ ರೆಪ್ಪೆ, ನಾಯಿಗೂ ಬೆಕ್ಕಿಗೂ ಇರುತ್ತದೆ, ನೋವಿದ್ದಾಗ ಕಣ್ಣು ಕಾಯಲು ಮೇಲೆ ಬರುತ್ತದೆ, ಮುಟ್ಟಬೇಡಿ ಅಂತ ಉತ್ತರ ಬಂತು. ಕಣ್ಣೀರಿನ ಒಂದು ದೊಡ್ಡ ಪಾಲು ಮಾಡುವ ಗ್ರಂಥಿ ಅದರ ಬುಡದಲ್ಲೇ ಇದೆಯಂತೆ. ಗಡ್ಡೆ ಅಂತ ತಿಳಿದು ಅದನ್ನು ಕತ್ತರಿಸಿಹಾಕಿದ ನಾಯಿಗಳು ಆಮೇಲೆ ಕಣ್ಣು ಒಣಗಿ ಕುರುಡಾಗುವುದುಂಟು. ಎರಡು ದಿನಕ್ಕೆ ತಾನಾಗಿ ಒಳಗೆ ಸರಿಯಿತು.

ಹನ್ನೆರಡನೇ ದಿನ ಹೊಲಿಗೆ ಬಿಚ್ಚಿಸಲು ಹೋದೆವು. ಅರಿವಳಿಕೆ ಬೇಕಾಗಲಿಲ್ಲ. ನನ್ನ ಕೈಯಲ್ಲಿ ಅವನ ಗದ್ದ ಇತ್ತು, ಕಟ್, ಕಟ್ ಅಂತ ಆರು ಸಲ. ಆಮೇಲೆ ಕಣ್ಣೀರು ಅಳೆಯುವ ಪಟ್ಟಿ ಇಟ್ಟರು. ನನ್ನ ಟೇಪಿನ ಹಾಗೆ ಮಿಲಿಮೀಟರ್ ಗುರುತಿರುವ ಸಣ್ಣ ಕಾಗದ, ಕೆಳರೆಪ್ಪೆಯ ಒಳಗೆ ಸಿಕ್ಕಿಸಿ ಒಂದು ನಿಮಿಷ. ನಾಯಿಗೆ 15ರ ಮೇಲೆ ಬಂದರೆ ಸರಿ. ಎಡಗಣ್ಣು 19, ಬಲಗಣ್ಣು 20. ಬಣ್ಣದ ಪಟ್ಟಿ ಮುಟ್ಟಿಸಿ ತೊಳೆದು ನೀಲಿ ಬೆಳಕು ಬಿಟ್ಟರು. ಹಸಿರು ಎಲ್ಲಿಯೂ ಇಲ್ಲ. ಗೀರಿದ್ದ ಕಡೆ ಹೊಗೆ ಹಿಡಿದ ಹಾಗೆ ಒಂದು ತೆಳುವಾದ ಕಲೆ ಮಾತ್ರ, ಅದರಿಂದ ನೋಟಕ್ಕೆ ಅಡ್ಡಿಯಿಲ್ಲ ಅಂದರು. ಮೇಡಂ ಕಣ್ಣಿನ ಹೊರಮೂಲೆಯನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿದರು. ಕೆಂಚ ಕಣ್ಣು ಮುಚ್ಚಿದ. ಈ ತುದಿಯಿಂದ ಆ ತುದಿಯವರೆಗೆ, ಸಂದಿಲ್ಲದೆ.

ಬೇಲಿಯ ಕೆಳಗಿನ ಎರಡು ಎಳೆ ಮುಳ್ಳುತಂತಿಯನ್ನು ಇವರು ಪಕ್ಕದವರ ಹತ್ತಿರ ಮಾತಾಡಿ ಬಿಚ್ಚಿಸಿದರು, ಈಗ ಅಲ್ಲಿ ಬಿದಿರಿನ ದಬ್ಬೆ ಇದೆ. ಹಾಳೆ ಕಾಲರ್ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದೆ. ಮೊನ್ನೆ ಮೇಲಿನ ಮನೆಯವರು ಬಂದಿದ್ದರು, ಅವರ ಬೆಕ್ಕಿಗೆ ಕಾದಾಟದಲ್ಲಿ ಕಣ್ಣ ಹತ್ತಿರ ಪರಚಿದೆಯಂತೆ, ಶಿವಮೊಗ್ಗಕ್ಕೆ ಹೊರಟಿದ್ದಾರೆ, ಅಲ್ಲಿಯವರೆಗೆ ಉಜ್ಜಿಕೊಳ್ಳದ ಹಾಗೆ ಅದನ್ನು ಕೊಡ್ತೀರಾ ಅಂತ. ಬೆಕ್ಕಿಗೆ ಅದು ದೊಡ್ಡದಾಗುತ್ತದೆ. ಕತ್ತಿನ ಸುತ್ತಳತೆ ಎಷ್ಟಿದೆ ಅಂತ ಕೇಳಿ, ಎಳೆ ಹಾಳೆಯೊಂದನ್ನು ನೀರಿಗೆ ಹಾಕಿದೆ.